ಎಂಟನೆಯ ಸ್ವಿಚ್ಚಿನ ಸಪ್ಪಳ

"ಮುಟ್ಟಬ್ಯಾಡ್ರಿ ನಸೀರಭಾಯ್. ಆ ಅರಿವಿ ಹಿಂದಕ ತಗೀರಿ."

ನಸೀರುದ್ದೀನನ ಕೈ ಅಲ್ಲೇ ನಿಂತಿತು. ತನ್ನ ಅಂಗಡಿಯ ವಿಡಿಯೋ ಗೇಮ್ ಪೆಟ್ಟಿಗೆಯ ಹಿಂಬಾಗಿಲು ತೆರೆದು, ಒಳಗಿನ ಕೊಳೆಯನ್ನು ಹೆಂಗಸೊಬ್ಬಳು ಬ್ಯಾಟರಿ ಹಿಡಿದು ನೋಡುತ್ತಿದ್ದಾಳಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ಒರೆಸೋಣವೆಂದು ಹಸಿ ಅರಿವೆ ತಂದಿದ್ದ. ಮೂರು ವರ್ಷ ಬಾರದ ನಾಚಿಕೆ ಬರಬಾರದ ಹೊತ್ತಿಗೆ ಸರಿಯಾಗಿ ಬಂದಿತ್ತು.

ಮೋನಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ. ಸುರಪುರದಲ್ಲಿ ಹನ್ನೆರಡು ವರ್ಷದಿಂದ ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದ ಅವಳ ಲೆಕ್ಕದಲ್ಲಿ ಜಗತ್ತಿನ ಜನ ಎರಡೇ ಬಗೆ: ನೆಟ್ಟಗೆ ಬೆಸುಗೆ ಹಾಕಬಲ್ಲವರು, ಹಾಕಲಾರದವರು. ಎರಡನೆಯವರೆಂದರೆ ಅವಳು ಮೂಗು ಮುರಿಯುತ್ತಿದ್ದಳು. ಈ ಪೆಟ್ಟಿಗೆಯಲ್ಲಂತೂ ಒಂದು ತಂತಿಗೆ ಟೇಪಿನ ಬದಲು ಗಾಯಕ್ಕೆ ಹಚ್ಚುವ ಪಟ್ಟಿ ಸುತ್ತಿದ್ದರು. ಅದೂ ಒಮ್ಮೆ ಬಳಸಿದ ಪಟ್ಟಿಯಂತೆ ಕಾಣುತ್ತಿತ್ತು.

"ಇದನ್ನ ಯಾರು ಸುತ್ತಿದ್ರು?"

"ನಾನೇ ಸುತ್ತೀನಕ್ಕಾ. ಅವತ್ತು ಟೇಪ್ ಸಿಗಲಿಲ್ಲ."

"ಗೊತ್ತಾತು ಬಿಡ್ರಿ."

ಮಂಗಳವಾರ ಮಧ್ಯಾಹ್ನ ಕಾಲುವೆಯ ಗೇಟು ಕಾಯುವ ಗುರಪ್ಪನ ತಲೆಗೆ ಯಾರೋ ಹೊಡೆದು ನೀರಿಗೆ ನೂಕಿದ್ದರು. ಗುರುವಾರ ಸಂಜೆ ಫೌಜದಾರ ವೆಂಕಟಪ್ಪ, ಈ ಅಂಗಡಿ ನೋಡಿಕೊಳ್ಳುವ ತಾಯಪ್ಪನನ್ನು ಹಿಡಿದು ಕೂಡಿಸಿದ್ದ. ತಾಯಪ್ಪ ಮೋನಮ್ಮನ ಒಡಹುಟ್ಟಿದ ತಮ್ಮ. ಇಂದು ಶುಕ್ರವಾರ. ಐದು ಗಂಟೆಗೆ ಜೀಪು ಅವನನ್ನು ಯಾದಗಿರಿಗೆ, ನ್ಯಾಯಾಧೀಶರ ಮುಂದೆ ಒಯ್ಯುತ್ತದೆ. ಈಗ ಮೂರೂವರೆ.

ಗೇಟಿನ ಹತ್ತಿರ ತಾಯಪ್ಪನ ಸೈಕಲ್ಲು ಕಂಡವರಿದ್ದಾರೆ ಎಂಬುದೊಂದೇ ಫೌಜದಾರನ ಪುರಾವೆ. ಆ ದಿನ ಎಲ್ಲಿದ್ದೆ ಎಂದು ಕೇಳಿದರೆ ತಾಯಪ್ಪ, ಶಿರವಾಳಕ್ಕೆ ಆಂಟೆನಾ ಕಟ್ಟಲು ಹೋಗಿದ್ದೆ ಎನ್ನುತ್ತಾನೆ. ಯಾರ ಮನೆಗೆ ಎಂದರೆ ಬಾಯಿಗೆ ಬೀಗ. ಕೊಲೆ ನಡೆದದ್ದು ಎರಡೂವರೆಗೂ ಮೂರೂವರೆಗೂ ನಡುವೆ. ಗುರಪ್ಪನ ಜತೆ ನಿಜವಾಗಿ ಜಗಳವಿದ್ದವನು ಬಸವಂತ್ರಾಯ. ಕಾಲುವೆಯ ಮೇಲ್ದಂಡೆಯಲ್ಲಿ ನಲವತ್ತು ಎಕರೆ ಭತ್ತ ಹಚ್ಚಿದವನು, ಈ ಮಳಿಗೆಯ ಮಾಲಕ. ಸರದಿ ಮುಗಿಯಿತೆಂದು ಗುರಪ್ಪ ಅವನ ಕಡೆಯ ಗೇಟು ಇಳಿಸಿದ್ದ. ಆದರೆ ಎರಡರಿಂದ ನಾಲ್ಕರ ತನಕ ತಾನು ಇದೇ ಅಂಗಡಿಯಲ್ಲಿ, ಇದೇ ಯಂತ್ರದಲ್ಲಿ ಆಡುತ್ತಿದ್ದೆನೆಂದು ಬಸವಂತ್ರಾಯ ಬರೆದುಕೊಟ್ಟಿದ್ದ. ಪಕ್ಕದ ಚಹಾ ಹೋಟೆಲಿನ ಹಜರಾಬೀ, ಹೌದು, ಆಟದ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು ಎಂದಿದ್ದಳು.

ಫೌಜದಾರನಿಗೆ ಅಷ್ಟು ಸಾಕಾಯಿತು. ನಲವತ್ತು ಎಕರೆಯ ಮಾತು ಅವನ ಕಿವಿಗೆ ಬಲು ಬೇಗ ಇಳಿಯುತ್ತಿತ್ತು.

ಮೋನಮ್ಮನಿಗೆ ಸಾಕಾಗಿರಲಿಲ್ಲ. ಮಧ್ಯಾಹ್ನ ಅವಳು ಅಂಗಡಿಗೆ ಬಂದು ಯಂತ್ರಕ್ಕೆ ಕರೆಂಟು ಕೊಟ್ಟದ್ದೇ ತಡ, ಯಾರೂ ಮುಟ್ಟದೆ ಅದು ಗುದ್ದು, ಚೀತ್ಕಾರ, ಬಾಜಾ ಎಲ್ಲ ಸೇರಿಸಿ ಕೂಗತೊಡಗಿತ್ತು. ನಸೀರುದ್ದೀನ ಹೌಹಾರಿದ್ದ. ಸೋಮವಾರ ಹೈದರಾಬಾದಿಗೆ ಹೊಸ ಬೋರ್ಡು ತರಲು ಹೋದವನು ಇಂದು ಬೆಳಿಗ್ಗೆಯಷ್ಟೇ ತಿರುಗಿ ಬಂದಿದ್ದ.

"ಇದು ಯಾಕ ಕೂಗಾಕತ್ತದ? ಯಾರೂ ಆಡದಾಗ ಇದು ಸುಮ್ಮನ ಇರ್ತದಕ್ಕಾ. ಹಜರಾಬೀ ಖಾಲಾನ ಗಂಡಗ ಆರಾಮಿಲ್ಲ, ತಗಡಿನ ಗ್ವಾಡಿ, ನಿದ್ದಿ ಹತ್ತಂಗಿಲ್ಲ ಅಂತ ಆಕಿ ಜಗಳ ತಗದಿದ್ಲು. ಮೂರು ವರ್ಷಾತು ನಾ ಸಪ್ಪಳ ಬಂದ್ ಮಾಡಿಸಿ."

ಆ ಒಂದು ಮಾತಿಗೇ ಮೋನಮ್ಮ ಸ್ಕ್ರೂಡ್ರೈವರ್ ಹೊರಗೆ ತೆಗೆದಿದ್ದಳು.

ಈಗ ಅವಳ ಕಣ್ಣು ಬೋರ್ಡಿನ ಮೂಲೆಯಲ್ಲಿತ್ತು. ಅಲ್ಲಿ ಒಂದು ಕೆಂಪು ತುಂಡು, ಅದರಲ್ಲಿ ಸಾಲಾಗಿ ಎಂಟು ಬಿಳಿ ಸ್ವಿಚ್ಚುಗಳು, ಒಂದೊಂದೂ ಜೋಳದ ಕಾಳಿಗಿಂತ ಸಣ್ಣದು. ಆಡುವವನಿಗೆ ಎಷ್ಟು ಜೀವ, ಒಂದು ಬಿಲ್ಲೆಗೆ ಎಷ್ಟು ಆಟ, ಎದುರಾಳಿ ಎಷ್ಟು ಬಿರುಸು ಎಂಬುದೆಲ್ಲ ಈ ಎಂಟರಿಂದಲೇ ತೀರ್ಮಾನವಾಗುತ್ತಿತ್ತು. ಮೊದಲನೆಯದು ಚಿತ್ರವನ್ನು ತಲೆಕೆಳಗೆ ಮಾಡುವುದು. ಎಂಟನೆಯದು ಸಪ್ಪಳದ್ದು: ಅದನ್ನು ಮೇಲಕ್ಕೆ ಸರಿಸಿದರೆ ಯಾರೂ ಆಡದಿದ್ದಾಗಲೂ ಯಂತ್ರ ತಾನೇ ಆಡಿ ತೋರಿಸುತ್ತ ಕೂಗುತ್ತದೆ.

ಮೂರು ವರ್ಷದ ಬೀಡಿ ಹೊಗೆ ಆ ಕೆಂಪು ತುಂಡಿನ ಮೇಲೆ ಕಂದು ಜಿಡ್ಡಾಗಿ ಕೂತಿತ್ತು. ಅಂಕಿಗಳೂ ಕಾಣುತ್ತಿರಲಿಲ್ಲ. ಮೋನಮ್ಮ ಗಡಿಯಾರ ರಿಪೇರಿಯವರ ಬಿಲ್ಲೆಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡಳು.

ನಡುವಿನ ಆರು ಸ್ವಿಚ್ಚುಗಳು ಜಿಡ್ಡಿನಲ್ಲಿ ಹೂತು ಕೂತಿದ್ದವು. ಬಲತುದಿಯ ಎಂಟನೆಯದು ಮೇಲೆ ಸರಿದಿತ್ತು. ಅದು ಮೊದಲು ಕೂತಿದ್ದ ಜಾಗ ಮಾತ್ರ ಈಗಷ್ಟೇ ಅಂಗಡಿಯಿಂದ ತಂದಂತೆ ಕೆಂಪಗೆ, ಸ್ವಚ್ಛವಾಗಿತ್ತು. ಎಡತುದಿಯ ಮೊದಲನೆಯದು ತನ್ನ ಜಾಗದಲ್ಲೇ ಇತ್ತು. ಆದರೆ ಅದು ಜಾರುವ ಸೀಳಿನಲ್ಲಿದ್ದ ಜಿಡ್ಡು ಕೆರೆದುಹೋಗಿ, ಒಂದು ಕೊನೆಗೆ ಮುದ್ದೆಯಾಗಿ ಒತ್ತಿಕೊಂಡಿತ್ತು. ಅದನ್ನೂ ಯಾರೋ ಸರಿಸಿದ್ದರು, ಮತ್ತೆ ತಿರುಗಿ ತಂದಿದ್ದರು.

"ನಸೀರಭಾಯ್, ಈ ಚೀಟಿ ನಿಮ್ಮ ಕೈಬರಹ ಏನ್ರಿ?"

ಹಿಂಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಎಂಟು ಚೌಕ, ಒಂದೊಂದರಲ್ಲೂ ವಕ್ರವಕ್ರ ಕನ್ನಡ ಅಕ್ಷರ. ಎಡತುದಿಯ ಚೌಕದಲ್ಲಿ 'ಸಪ್ಪಳ'. ಬಲತುದಿಯದರಲ್ಲಿ 'ಚಿತ್ರ ತಲೆಕೆಳಗೆ'.

"ನಂದೇ. ಹೈದರಾಬಾದಿನ್ಯಾವ ಹೇಳಿದ್ದು ಬರಕೊಂಡಿದ್ದೆ, ತಾಯಪ್ಪಗ ಸಲೀಸಾಗಲಿ ಅಂತ ಕನ್ನಡದಾಗ."

"ಕನ್ನಡದಾಗ ಬರದೀರಿ. ಚೌಕ ಮಾತ್ರ ಬಲಕಿನಿಂದ ತುಂಬೀರಿ."

ನಸೀರುದ್ದೀನ ಕಾಗದ ನೋಡಿದ, ಬೋರ್ಡು ನೋಡಿದ. ಉರ್ದು ಶಾಲೆಯಲ್ಲಿ ಏಳನೆಯ ತನಕ ಕಲಿತವನು. ಅಕ್ಷರ ಯಾವುದೇ ಆಗಿರಲಿ, ಅವನ ಕೈ ಬಲಗಡೆಯಿಂದಲೇ ಹೊರಡುತ್ತಿತ್ತು. "ಹೌದಲ್ಲಕ್ಕಾ. ನಂಗ ಅದು ಬರೋಬರಿನೇ ಕಾಣತದ. ತಾಯಪ್ಪ ಒಂದಿನ ನಕ್ಕಿದ್ದ ಖರೆ. ಅವಗ ಚೀಟಿ ಬೇಕಿಲ್ಲ, ಕಣ್ಣು ಮುಚ್ಚಿ ಹಾಕತಾನ."

"ಮತ್ತ ಈ ಚೀಟಿ ನೋಡಿ ಎಡಕಿಂದ ಎಣಿಸಿದಾವ ಏನು ಮಾಡತಾನ?"

"ಸಪ್ಪಳ ಹಾಕಾಕ ಹೋಗಿ ಚಿತ್ರ ತಲಿಕೆಳಗ ಮಾಡತಾನ." ನಸೀರುದ್ದೀನನ ದನಿ ಸಣ್ಣದಾಯಿತು.

ಮೋನಮ್ಮ ಎದ್ದು ತಗಡಿನ ಗೋಡೆಗೆ ಎರಡು ಸಲ ಬಡಿದಳು. "ಖಾಲಾ, ಜರಾ ಬರ್ರಿ."

ಹಜರಾಬೀ ಕೈ ಒರೆಸಿಕೊಳ್ಳುತ್ತ ಬಂದಳು. ಅರವತ್ತು ದಾಟಿದ ಹೆಂಗಸು. ಫೌಜದಾರನ ಮುಂದೆ ಎರಡು ತಾಸು ನಿಂತದ್ದಕ್ಕೆ ಇನ್ನೂ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು.

"ಮಂಗಳವಾರ ಬಸವಂತ್ರಾಯ ಗೌಡ್ರಿಗಿ ಚಾ ಕೊಟ್ಟಿರಿ?"

"ಕೊಟ್ಟೆ. ಎರಡಕ್ಕ ಇನ್ನಾ ಹತ್ತು ಮಿನಿಟ್ ಇತ್ತು. ಒಬ್ಬರೇ ಇದ್ರು, ಈ ಪೆಟಿಗಿ ಹಿಂದ ಕುಂತಿದ್ರು. ಕಪ್ಪು ಕೈಯಾಗಿಂದ ಕಸಕೊಂಡು ಹೋಗು ಹೋಗು ಅಂದ್ರು."

"ಪಡದಾದ ಮ್ಯಾಲ ಏನಿತ್ತು?"

ಹಜರಾಬೀ ಹಿಂದೆ ಮುಂದೆ ನೋಡಿದಳು. "ಅದನ್ನ ಹೇಳಿದ್ದಕ್ಕ ಫೌಜದಾರ ನಕ್ಕ, ಮುದುಕಿಗಿ ಕಣ್ಣು ಮಂಜಾಗ್ಯಾವ ಅಂದ. ಆ ಕುಸ್ತಿ ಹಿಡಿಯೋ ಮಂದಿ ಇರ್ತಾರಲ್ಲ, ಎಲ್ಲಾರೂ ತಲಿ ಕೆಳಗ ಕಾಲು ಮ್ಯಾಲ ಆಗಿ ಬಾವಲಿ ಜೋತು ಬಿದ್ದಂಗ ಇದ್ರವ್ವಾ. ಅಮ್ಯಾಲ ಸಪ್ಪಳ ಶುರುವಾತು, ನಾಲ್ಕರ ತನಕ ನಿಲ್ಲಲಿಲ್ಲ. ಗೌಡ್ರು ಆಡಾಕತ್ಯಾರ ಅಂದುಕೊಂಡೆ."

ಮೋನಮ್ಮನಿಗೆ ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಊರಿನ ಪೊಲೀಸು ಪಡೆಯೆಲ್ಲ ಸೇರಿ ನಗುವಿನಲ್ಲಿ ಹಾರಿಸಿದ ಮಾತೇ ಇಡೀ ಪ್ರಕರಣವಾಗಿತ್ತು. ಓದು ಬಲ್ಲ ಫೌಜದಾರನಿಗಿಂತ ಚಹಾ ಸೋಸುವ ಹಜರಾಬೀ ಕಣ್ಣು ನೆಟ್ಟಗಿಟ್ಟುಕೊಂಡಿದ್ದಳು.

"ನಸೀರಭಾಯ್, ಎಸ್‌ಟಿಡಿ ಬೂತಿಗಿ ಹೋಗಿ ಫೌಜದಾರಗ ಫೋನ್ ಹಚ್ರಿ. ಯಾದಗಿರಿಗಿ ಹೋಗೋಕಿಂತ ಮೊದಲ ಇಲ್ಲಿ ಬಂದು ಹೋಗಬೇಕು, ಖರೆ ಖೂನಿ ಮಾಡಿದಾವನ ಗುರ್ತು ಇಲ್ಲಿ ಅದ ಅನ್ರಿ. ಖಾಲಾ, ನೀವು ಬಾಜೂಕ ಇರ್ರಿ, ಕರದ್ರ ಬರ್ರಿ."

ಇಬ್ಬರೂ ಹೋದ ಹತ್ತು ನಿಮಿಷಕ್ಕೆ ಹೊರಗೆ ಮೋಟರ್ ಸೈಕಲ್ಲು ನಿಂತಿತು. ಮೊದಲು ಅತ್ತರಿನ ವಾಸನೆ ಒಳಗೆ ಬಂತು, ಹಿಂದಿನಿಂದ ಬಸವಂತ್ರಾಯ ಬಂದ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕೈಯಲ್ಲಿ ಕೀಲಿ ಗೊಂಚಲು. ಕಾಲುವೆ ನೀರು ಬರುವ ಮುಂಚೆ ಅವನಪ್ಪ ಇದೇ ಬೀದಿಯಲ್ಲಿ ಶೇಂಗಾ ಮಾರುತ್ತಿದ್ದುದನ್ನು ಊರು ಮರೆತಿರಲಿಲ್ಲ. ಅವನು ಮರೆತಿದ್ದ, ಊರೂ ಮರೆಯಬೇಕೆಂದು ಬಯಸುತ್ತಿದ್ದ.

"ಏನವ್ವ, ನನ್ನ ಮಳಗಿಯಾಗ ಏನು ಕಾರಖಾನಿ ತಗದೀದಿ?"

"ಜರಾ ರಿಪೇರಿ ಮಾಡಾಕತ್ತೇನ್ರಿ ಗೌಡ್ರ."

"ತಮ್ಮ ಜೇಲಿಗಿ ಹೊಂಟಾನ, ಅಕ್ಕ ಆಟದ ಪೆಟಿಗಿ ರಿಪೇರಿಗಿ ಕುಂತಾಳ. ಚಲೋ ಮನಿತನ."

"ಮಂಗಳವಾರ ಎರಡರಿಂದ ನಾಕರ ತನಕ ನೀವು ಇದರ ಮುಂದನೇ ಇದ್ದಿರಿ?"

"ಫೌಜದಾರಗ ಬರದು ಕೊಟ್ಟೀನಿ. ಓದಾಕ ಬಂದ್ರ ಓದು ಹೋಗು."

"ಯಾವ ಕೈಲೆ ಆಡತೀರಿ?"

"ಏನು?"

"ಕಡ್ಡಿ ಯಾವ ಕೈಲೆ ಹಿಡೀತೀರಿ, ಗುಂಡಿ ಯಾವ ಕೈಲೆ ಒತ್ತತೀರಿ?"

ಬಸವಂತ್ರಾಯ ಅವಳನ್ನು ನೋಡಿದ. ಮನೆಯ ಹಿತ್ತಿಲಲ್ಲಿ ತಿಪ್ಪೆ ಕೆದರುವ ಕೋಳಿಯನ್ನು ನೋಡುವ ಹಾಗೆ ನೋಡಿದ. ಮೋನಮ್ಮ ಆ ನೋಟವನ್ನು ಹಾಗೇ ಅವನಿಗೆ ತಿರುಗಿ ಕೊಟ್ಟಳು. ಅವಳಿಗೆ ಅದರಲ್ಲಿ ಅವನಿಗಿಂತ ಹೆಚ್ಚಿನ ಅಭ್ಯಾಸವಿತ್ತು.

ಅವಳು ಕರೆಂಟು ಹಾಕಿದಳು. ಪರದೆ ಬೆಳಗಿತು, ಒಂದು ಗಳಿಗೆ ಸುಮ್ಮನಿದ್ದು ಗುದ್ದಾಟ ಶುರುವಾಯಿತು. ತಗಡಿನ ಗೋಡೆ ಗುಂಯ್ಗುಟ್ಟಿತು.

"ಈಗ ಯಾರು ಆಡಾಕತ್ತಾರ್ರಿ ಗೌಡ್ರ?"

ಅವನ ಕೀಲಿ ಗೊಂಚಲಿನ ಸದ್ದು ನಿಂತಿತು.

"ಆ ಸಪ್ಪಳ ಕೇಳೇ ಖಾಲಾ ನೀವು ಒಳಗ ಇದ್ದೀರಿ ಅಂತ ಹೇಳ್ಯಾಳ. ಮೂರು ವರ್ಷದಿಂದ ಈ ಪೆಟಿಗಿ ಮಂದಿ ಆಡಿದ್ರ ಅಷ್ಟೇ ಕೂಗತಿತ್ತು. ಮಂಗಳವಾರ ಯಾರೋ ಎಂಟನೇ ಸ್ವಿಚ್ಚು ಸರಿಸಿ, ಬಾಗಿಲು ಅರ್ಧ ಎಳದು, ಹಿಂದಿನ ದಾರೀಲೆ ಹೋಗ್ಯಾರ. ಗೇಟಿನ ತನಕ ಮೋಟರ್ ಮ್ಯಾಲ ಹದಿನೈದು ಮಿನಿಟ್ಟಿನ ದಾರಿ."

"ಯಾರೋ ಯಾಕ? ಸ್ವಿಚ್ಚು ಬಲ್ಲಾವ ಈ ಊರಾಗ ಒಬ್ಬನೇ. ನಿನ್ನ ತಮ್ಮ."

"ನನ್ನ ತಮ್ಮ ದಡ್ಡ ಇರಬಹುದು. ನನ್ನ ಅಂಗಡಿ ಬಿಟ್ಟು ಈ ಹೊಗಿಯೊಳಗ ಬಂದು ಕುಂತಾನಂದ್ರ ದಡ್ಡನೇ. ಆದ್ರ ಬೋರ್ಡಿನಾಗ ತಪ್ಪಂಗಿಲ್ಲ." ಅವಳು ಬ್ಯಾಟರಿಯ ಬೆಳಕನ್ನು ಕೆಂಪು ತುಂಡಿನ ಮೇಲೆ ಬಿಟ್ಟಳು. "ಇದನ್ನ ಮಾಡಿದಾವ ಮೊದಲ ಒಂದನೇದು ಸರಿಸ್ಯಾನ. ಕರೆಂಟ್ ತಗದು ಹಾಕ್ಯಾನ, ಚಿತ್ರ ತಲಿಕೆಳಗ ಆಗ್ಯದ. ಗಾಬರಿಯಾಗಿ ಅದನ್ನ ತಿರುಗಿ ತಂದು ಎಂಟನೇದು ಸರಿಸ್ಯಾನ. ಯಾಕಂದ್ರ ಈ ಚೀಟಿ ಬಲಕಿನಿಂದ ಬರದದ್ದು ಅಂತ ಅವಗ ಗೊತ್ತಿದ್ದಿಲ್ಲ. ತಾಯಪ್ಪಗ ಗೊತ್ತದ. ನಸೀರಭಾಯ್ ಬರದಾವ, ಆತ ಆ ದಿನ ಹೈದರಾಬಾದಿನಾಗ ಇದ್ದ. ಖಾಲಾ ಚಾ ತಂದಾಗ ಪಡದಾದ ಮ್ಯಾಲ ಮಂದಿ ಜೋತು ಬಿದ್ದಿದ್ರು. ಪೆಟಿಗಿ ಹಿಂದ ಕುಂತಾವರು ನೀವು."

ಬಸವಂತ್ರಾಯ ಒಂದು ಸ್ಟೂಲು ಎಳೆದು, ಅದನ್ನು ಕರವಸ್ತ್ರದಿಂದ ಒರೆಸಿ ಕೂತ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೋನಮ್ಮನಿಗೆ ಹಿಗ್ಗು ತಡೆಯಲಾಗಲಿಲ್ಲ. ನಲವತ್ತು ಎಕರೆ, ಅತ್ತರು, ಇಸ್ತ್ರಿ ಎಲ್ಲವನ್ನೂ ಜೋಳದ ಕಾಳಿಗಿಂತ ಸಣ್ಣದೊಂದು ಬಿಳಿ ಚೂರು ನೆಲಕ್ಕೆ ತಂದಿತ್ತು. ಒಂದು ಚೀಟಿ ನೆಟ್ಟಗೆ ಓದಲಾರದವನು ಕೊಲೆ ಮಾಡಲು ಹೊರಟಿದ್ದ.

"ಫೌಜದಾರ ಬರಾಕತ್ಯಾನ," ಎಂದಳು. "ನಿಮ್ಮ ನಲವತ್ತು ಎಕರೆಗಿ ಇನ್ನ ಬ್ಯಾರೆ ಯಾರರ ನೀರು ಹಾಯಿಸಬೇಕು."

ಯಂತ್ರ ಕೂಗುತ್ತಲೇ ಇತ್ತು. ಬಸವಂತ್ರಾಯ ಅದರ ಕಡೆ ಕತ್ತು ಹೊರಳಿಸಿದ, ಮುಖದಲ್ಲಿ ನಿಧಾನವಾಗಿ ಬಣ್ಣ ತಿರುಗಿ ಬಂತು.

"ನೀ ಭಾಳ ಶಾಣ್ಯಾಕಿ ಬಿಡವ್ವ. ಮಂಗಳವಾರ ಸ್ವಿಚ್ಚು ನಾನೇ ಸರಿಸಿದೆ ಅಂತ ಇಟ್ಕೋ. ಬರೇ ಇಟ್ಕೋ. ಬುಧವಾರ ಅಂಗಡಿ ತಗದಾವ ಯಾರು?"

ಮೋನಮ್ಮ ಬ್ಯಾಟರಿ ಆರಿಸಿದಳು.

"ಗುರುವಾರ ತಗದಾವ ಯಾರು? ನಿನ್ನ ತಮ್ಮ. ಎರಡು ದಿನ ಈ ಪೆಟಿಗಿ ಹಿಂಗೇ ಒದರೇದ. ನೀ ಬಂದು ಐದು ಮಿನಿಟ್ಟಿಗಿ ನಿನಗ ಗೊತ್ತಾತು. ನಸೀರಗ ಗೊತ್ತಾತು. ಕಣ್ಣು ಮುಚ್ಚಿ ಸ್ವಿಚ್ಚು ಹಾಕಾವಗ ಎರಡು ದಿನ ಗೊತ್ತಾಗಲಿಲ್ಲೇನು? ಯಾಕ ಆರಿಸಲಿಲ್ಲ ಕೇಳು."

"ಗಿರಾಕಿ ಗದ್ದಲದಾಗ ಲಕ್ಷ್ಯ ಇದ್ದಿರಲಿಕ್ಕಿಲ್ಲ." ಹೇಳುವಾಗಲೇ ಅವಳಿಗೆ ಆ ಮಾತು ಟೇಪಿನ ಬದಲು ಸುತ್ತಿದ ಪಟ್ಟಿಯಷ್ಟೇ ಹೊಲಸಾಗಿ ಕಂಡಿತು.

"ಹೌದೇನು? ಕೇಳು ನಿನ್ನ ಖಾಲಾಗ."

ಅವಳು ಕೇಳಬಾರದಿತ್ತು. ಆದರೆ ಕೇಳದೆ ಇರುವುದು ಅವಳ ಗುಣವಲ್ಲ. ಗೋಡೆಗೆ ಬಡಿದಳು; ಹಜರಾಬೀ ಬಂದು, ಬಸವಂತ್ರಾಯನನ್ನು ಕಂಡು ಸೆರಗು ಸರಿಮಾಡಿಕೊಂಡು ಬಾಗಿಲಲ್ಲೇ ನಿಂತಳು.

"ಖಾಲಾ, ಬುಧವಾರ ಈ ಸಪ್ಪಳ ಇತ್ತೇನು?"

"ಇತ್ತವ್ವಾ. ಮುಂಜಾನೆ ಒಬ್ಬ ಗಿರಾಕಿ ಇದ್ದಿಲ್ಲ, ಆವಾಗನೂ ಇತ್ತು. ನಮ್ಮ ಮನಿಯಾವ್ರು ನರಳಾಕತ್ತಿದ್ರು. ನಾನೇ ಬಂದು ತಾಯಪ್ಪಗ ಹೇಳಿದೆ, ಬಂದ್ ಮಾಡೋ ಬೇಟಾ ಅಂತ."

"ಅವ ಏನಂದ?"

"ಎರಡು ದಿನ ತಡಕೋ ಖಾಲಾ, ಈ ಸಪ್ಪಳ ಇರಬೇಕು ಅಂದ. ಅತ್ತಾಂವ ಇದ್ದಂಗ ಇದ್ದ. ನಾ ಮತ್ತೇನು ಕೇಳಲಿಲ್ಲ."

ಮೋನಮ್ಮ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಊರಿನವರನ್ನೆಲ್ಲ ಮೂರ್ಖರೆಂದು ಬೆಳಗಿನಿಂದ ಎಣಿಸುತ್ತ ಬಂದವಳು, ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಿರಲೇ ಇಲ್ಲ. ತಮ್ಮನ ಮೇಲಿನ ಮಮತೆ ಅದನ್ನು ಅವಳಿಂದ ಮರೆಮಾಡಿತ್ತು. ಈಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ತೋರಿಸು," ಎಂದ ಬಸವಂತ್ರಾಯ, ಹಜರಾಬೀ ಹೋದ ಮೇಲೆ. "ಫೌಜದಾರಗ ಸ್ವಿಚ್ಚು ತೋರಿಸು, ಚೀಟಿ ತೋರಿಸು. ನಾ ಒಳಗ ಹೋಗತೀನಿ. ನನ್ನ ಸಾಕ್ಷಿ ಎರಡು ದಿನ ಕಾದು ಇಟ್ಟಾವ ನನ್ನ ಬಾಜೂಕ ಕುಂಡರತಾನ. ಇಲ್ಲಂದ್ರ ಆ ಚೂರು ಕೆಳಗ ಸರಿಸು. ಅವನ ಮ್ಯಾಲ ಇರೋದು ಒಂದು ಸೈಕಲ್ಲು ಅಷ್ಟೇ. ಚಲೋ ವಕೀಲನ್ನ ನಾನೇ ಕೊಡಸ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೆರಳಿನ ತುದಿಯಿಂದ ಒಮ್ಮೆ ಒತ್ತಿದರೆ ಮುಗಿಯಿತು: ಯಂತ್ರ ಸುಮ್ಮನಾಗುತ್ತದೆ, ಗುರಪ್ಪನನ್ನು ಕೊಂದವನು ಮನೆಗೆ ಹೋಗುತ್ತಾನೆ, ತಮ್ಮ ಸೈಕಲ್ಲೊಂದರ ಬಲದ ಮೇಲೆ ಕಟಕಟೆ ಹತ್ತುತ್ತಾನೆ. ಒತ್ತದಿದ್ದರೆ ಕೊಂದವನ ಜತೆ ತಮ್ಮನೂ ಹೋಗುತ್ತಾನೆ. ಅವಳು ಕೈ ಚಾಚಿದಳು. ಹೆಬ್ಬೆರಳ ಉಗುರು ಎಂಟನೆಯ ಸ್ವಿಚ್ಚಿಗೆ ತಾಕಿತು.

ಹೊರಗೆ ಜೀಪು ನಿಂತಿತು.

ಫೌಜದಾರ ವೆಂಕಟಪ್ಪ ಬೆಲ್ಟು ಮೇಲೆಳೆದುಕೊಳ್ಳುತ್ತ ಒಳಬಂದ. ಬಸವಂತ್ರಾಯನನ್ನು ಕಂಡದ್ದೇ ಟೋಪಿ ತೆಗೆದು ನಮಸ್ಕಾರ ಮಾಡಿದ. "ಗೌಡ್ರೂ ಇಲ್ಲೇ ಅದಾರ, ಚಲೋ ಆತು. ಏನವ್ವ, ಫೋನ್ ಮಾಡಿಸಿದ್ದೆಲ್ಲ? ಜಲ್ದಿ ಹೇಳು. ನಿನ್ನ ತಮ್ಮ ಜೀಪಿನಾಗ ಕುಂತಾನ, ಐದರೊಳಗ ನಾ ಊರು ಬಿಡಬೇಕು."

"ಅವನ್ನ ಒಳಗ ಕರಸ್ರಿ ಸಾಹೇಬ್ರ. ಅವನ ಮುಂದ ತೋರಿಸ್ತೀನಿ."

"ಮುಖ ನೋಡೋ ಆಸೆ ಏನು? ಆಗಲಿ ನೋಡಿಕೋ. ಏ, ಅವನ್ನ ಕರಕೊಂಡು ಬಾರೋ."

ಇಬ್ಬರು ಪೇದೆಗಳ ನಡುವೆ ತಾಯಪ್ಪ ಬಂದ. ಕೈಕೋಳ, ಎರಡು ದಿನದ ಗಡ್ಡ, ಒಂದೇ ಕಾಲಲ್ಲಿ ಚಪ್ಪಲಿ. ಅವನ ಬಾಯಿಂದ ಒಂದೇ ಒಂದು ಮಾತು ಬಂದರೆ ಸಾಕು, ಯಾವ ಮಾತಾದರೂ ಸರಿ, ಅದನ್ನು ನಂಬಲು ಮೋನಮ್ಮ ಸಿದ್ಧಳಾಗಿದ್ದಳು.

ಬಾಗಿಲು ದಾಟಿದವನ ಕಿವಿಗೆ ಯಂತ್ರದ ಕೂಗು ಬಿತ್ತು. ಅವನು ನಿಂತ. ಅವನ ಕಣ್ಣು ತೆರೆದ ಹಿಂಬಾಗಿಲಿಗೆ ಹೋಯಿತು, ಅಲ್ಲಿಂದ ಅಕ್ಕನ ಹೆಬ್ಬೆರಳಿಗೆ ಬಂತು. ಅಕ್ಕನ ಮುಖ ಅವನು ನೋಡಲಿಲ್ಲ. ಬಸವಂತ್ರಾಯನ ಮುಖ ನೋಡಿದ. ಸ್ಟೂಲಿನ ಮೇಲೆ ಕೂತವನು, ಬೇಡ ಎನ್ನುವಂತೆ ತಲೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿದ.

"ತಾಯಪ್ಪಾ," ಎಂದಳು ಮೋನಮ್ಮ. "ಎರಡು ದಿನ ಇದನ್ನ ಯಾಕ ಆರಿಸಲಿಲ್ಲ?"

ತಾಯಪ್ಪ ಕೋಳದ ಕೈಗಳನ್ನು ಎದೆಯ ತನಕ ಎತ್ತಿ ಮುಗಿದ.

"ಅಕ್ಕಾ, ನನ್ನ ಸಲುವಾಗಿ ಆ ಸ್ವಿಚ್ಚು ಸರಿಸಬ್ಯಾಡ," ಎಂದ. "ಅದು ಇಂವ ಹಾಕಿದ್ದಲ್ಲ. ಇಂವ ಒಂದನೇದು ಸರಿಸಿ, ಚಿತ್ರ ತಲಿಕೆಳಗ ಮಾಡಿ ಬಿಟ್ಟು ಹೋಗಿದ್ದ. ತಗಡಿನ ಸಂದಿಯಾಗ ನಿಂತು ನೋಡಿ, ಇಂವ ಹೋದ ಮ್ಯಾಲ ಒಳಗ ಬಂದು ಅದನ್ನ ನೆಟ್ಟಗ ಮಾಡಿ, ಎಂಟನೇದು ಹಾಕಿ ಇವನ ಸಾಕ್ಷಿ ಕಟ್ಟಿದಾವ ನಾನು."